ಹಳೆಯ ಪಿಟಾನ್, ಹೆಕ್ಸ್, ಕ್ಯಾಮ್‌ಗಳು: ಯಾರು ಮಾಡಿದ್ದು, ಯಾವ ಕಾಲದ್ದು?

ಪ್ರಶ್ನೆ (ಸ್ಯಾನ್ ಹೋಸೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಹಿರಿಯರೊಬ್ಬರು ಕಳೆದ ಶನಿವಾರ ಮನೆ ಖಾಲಿ ಮಾಡುವ ಸಲುವಾಗಿ ಗ್ಯಾರೇಜಿನ ಸಾಮಾನುಗಳನ್ನೆಲ್ಲ ಅಂಗಳದಲ್ಲಿ ಹರಡಿ ಮಾರಾಟಕ್ಕೆ ಇಟ್ಟಿದ್ದರು. ಅವುಗಳ ನಡುವೆ ಬಂಡೆ ಹತ್ತುವವರ ಹಳೆಯ ರಕ್ಷಣಾ ಸಲಕರಣೆಗಳು ತುಂಬಿದ ಒಂದು ಮರದ ಪೆಟ್ಟಿಗೆ ಕಂಡಿತು. ಎಂಟು ವರ್ಷಗಳಿಂದ ಬಂಡೆ ಹತ್ತಲು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಹೋಗಿಬರುತ್ತಿರುವ ನನಗೆ ಅದನ್ನು ಬಿಟ್ಟುಬರಲು ಮನಸ್ಸಾಗದೆ 40 ಡಾಲರ್ ಕೊಟ್ಟು ತಂದೆ.

ಪೆಟ್ಟಿಗೆಯಲ್ಲಿ ಹದಿನಾಲ್ಕು ಪಿಟಾನ್‌ಗಳಿವೆ (ಬಂಡೆಯ ಬಿರುಕಿಗೆ ಸುತ್ತಿಗೆಯಿಂದ ಹೊಡೆಯುವ ಲೋಹದ ಗೂಟಗಳು). ಹೆಚ್ಚಿನವುಗಳ ಮೇಲೆ ಶುಯಿನಾರ್ಡ್ ಎಂಬ ಹೆಸರಿದೆ. ಕೆಲವುಗಳಲ್ಲಿ ವಜ್ರಾಕೃತಿಯ ಚೌಕಟ್ಟಿನೊಳಗೆ ಒಂದು ಇಂಗ್ಲಿಷ್ ಅಕ್ಷರವಿದೆ, ಅದು ಸಿ ಎಂದೇ ತೋರುತ್ತದೆ. ಒಂದು ತುಂಡು ಅಂಚೆಚೀಟಿಗಿಂತ ದೊಡ್ಡದೇನಲ್ಲ. ಎರಡರ ಮೇಲೆ ಯಾವ ಗುರುತೂ ಇಲ್ಲ, ಮೈ ಮಾತ್ರ ತಿರುಚಿಕೊಂಡಿದೆ. ಇವಲ್ಲದೆ ಹಗ್ಗ ಪೋಣಿಸಿದ ಆರು ಮುಖದ ಮೂರು ಅಲ್ಯೂಮಿನಿಯಂ ಹೆಕ್ಸ್‌ಗಳು (ಸುತ್ತಿಗೆಯಿಲ್ಲದೆ ಬಿರುಕಿನಲ್ಲಿ ಸಿಕ್ಕಿಸುವಂಥವು), ಮೋಆಕ್ ಎಂದು ಬರೆದ ಒಂದು ಬೆಣೆ ಹಾಗೂ ಗಟ್ಟಿ ದಂಡದ ಒಂದು ಕ್ಯಾಮ್ (ಬಿರುಕಿನೊಳಗೆ ಅಗಲವಾಗಿ ಕಚ್ಚಿಕೊಳ್ಳುವ ಸಲಕರಣೆ) ಇವೆ. ಆ ದಂಡದ ತೂತೊಂದರಲ್ಲಿ ತೆಳುವಾದ ದಾರದ ಕುಣಿಕೆ ಏಕೆ ಕಟ್ಟಿದ್ದಾರೆಂಬುದು ನನಗೆ ತಿಳಿಯಲಿಲ್ಲ. ಇವುಗಳ ಕಾಲವನ್ನು ಗುರುತಿಸುವುದು ಹೇಗೆ? ತುಕ್ಕನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆಯಬಹುದೇ? ಹೆಕ್ಸ್‌ಗಳನ್ನು ಈಗಲೂ ಬಳಸಬಹುದೇ?

ಉತ್ತರ 1 (ಬಿಷಪ್, ಕ್ಯಾಲಿಫೋರ್ನಿಯಾದಿಂದ)

ನಿಮ್ಮ ಅಂಚೆಚೀಟಿಯಂಥ ತುಂಡು ರರ್ಪ್ ಎಂಬ ಪುಟ್ಟ ಪಿಟಾನ್ ಇರಬೇಕು. ಅಮೆರಿಕದ ಆರೋಹಿಗಳಾದ ಇವಾನ್ ಶುಯಿನಾರ್ಡ್ ಮತ್ತು ಟಾಮ್ ಫ್ರಾಸ್ಟ್ ಇಬ್ಬರೂ 1960ರಲ್ಲಿ ಯೊಸೆಮಿಟಿಯ ಕ್ಯಾಟ್ ಪಿನಾಕಲ್‌ನಲ್ಲಿ, ಉಗುರಿನ ತುದಿಯೂ ತೂರದಂಥ ಬಿರುಕುಗಳಿಗಾಗಿ ಇದನ್ನು ಬಳಸಿದರು. ಆದರೆ ಅದರ ತಯಾರಿಕೆ ದಶಕಗಳ ಕಾಲ ಮುಂದುವರಿದದ್ದರಿಂದ, ಆಕಾರವನ್ನಷ್ಟೇ ನೋಡಿ ನಿಮ್ಮದು 1960ರದ್ದು ಎನ್ನಲು ಬರುವುದಿಲ್ಲ.

ಶುಯಿನಾರ್ಡ್ ಹೆಸರಿನ ಮುದ್ರೆ ನಿಮಗೆ ಎರಡು ಕೊನೆಗಳನ್ನು ಕೊಡುತ್ತದೆ. ಅವರು ಕಮ್ಮಾರಿಕೆ ಕಲಿತು ಪಿಟಾನ್ ಬಡಿಯತೊಡಗಿದ್ದು 1957ರಲ್ಲಿ. ಅವರ ಸಲಕರಣೆ ಕಂಪನಿ ಮೊಕದ್ದಮೆಗಳ ಭಾರಕ್ಕೆ 1989ರಲ್ಲಿ ದಿವಾಳಿತನಕ್ಕೆ ಅರ್ಜಿ ಹಾಕಿತು. ಅಲ್ಲಿನ ನೌಕರರೇ ಮುಂದೆ ನಿಂತು ಅದನ್ನು ಕೊಂಡು ಬ್ಲ್ಯಾಕ್ ಡೈಮಂಡ್ ಎಂಬ ಹೊಸ ಹೆಸರಿಟ್ಟರು. ಆದ್ದರಿಂದ ಆ ಹೆಸರಿರುವ ವಸ್ತು ಹೆಚ್ಚುಕಡಿಮೆ ಈ ಮೂವತ್ತೆರಡು ವರ್ಷಗಳ ಒಳಗಿನದು.

ವಜ್ರಾಕೃತಿಯ ಮುದ್ರೆಯನ್ನು ಮಾತ್ರ ದಯವಿಟ್ಟು ಇನ್ನೊಮ್ಮೆ ನೋಡಿ. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಜಾನ್ ಸಲಾಥೆ ಎಂಬ ಕಮ್ಮಾರರು 1940ರ ದಶಕದಲ್ಲಿ ಗಡಸು ಉಕ್ಕಿನ ಪಿಟಾನ್‌ಗಳನ್ನು ಮಾಡಿದಾಗ ಅವುಗಳ ಮೇಲೆ ಒತ್ತಿದ್ದು ವಜ್ರಾಕೃತಿಯೊಳಗಿನ ಪಿ ಅಕ್ಷರ. ಸಿ ಅಕ್ಷರದ್ದು ಶುಯಿನಾರ್ಡ್ ಅವರದು. ತುಕ್ಕು ಹಿಡಿದಾಗ ಎರಡೂ ಒಂದೇ ಬಗೆಯ ಕಲೆಯಾಗಿ ಕಾಣುತ್ತವೆ, ಆದರೆ ಸಂಗ್ರಹಕಾರರ ಕಣ್ಣಿಗೆ ಅವುಗಳ ನಡುವೆ ಅಜಗಜಾಂತರವಿದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಲೋಹಕ್ಕೆ ತೀರ ಓರೆಯಾಗಿ ಹಿಡಿಯಿರಿ. ಆಮೇಲೆ ತೆಳುವಾದ ಕಾಗದವನ್ನಿಟ್ಟು ಸೀಸದ ಕಡ್ಡಿಯನ್ನು ಹಗುರವಾಗಿ ಆಡಿಸಿರಿ. ಕಣ್ಣಿಗೆ ಕಾಣದ ಗೆರೆ ಎಷ್ಟೋ ಸಲ ಕಾಗದದ ಮೇಲೆ ಮೂಡುತ್ತದೆ.

ತಿರುಚಿಕೊಂಡ ಆ ಎರಡು ಬಹುಶಃ ಯುರೋಪಿನ ಪದ್ಧತಿಯ ಮೆದು ಕಬ್ಬಿಣದವು. ಅಲ್ಲಿನ ಸುಣ್ಣಕಲ್ಲಿನ ಡೊಂಕು ಬಿರುಕಿಗೆ ತಕ್ಕಂತೆ ಬಾಗಿ ಕಚ್ಚಿಕೊಳ್ಳಲೆಂದೇ ಅವನ್ನು ಮೆದುವಾಗಿ ಮಾಡುತ್ತಿದ್ದರು, ಹೊಡೆದ ಮೇಲೆ ಬಹುಪಾಲು ಅಲ್ಲೇ ಬಿಡುತ್ತಿದ್ದರು. ಯೊಸೆಮಿಟಿಯ ಗ್ರಾನೈಟಿನ ಉದ್ದುದ್ದ ಗೋಡೆಗಳಲ್ಲಿ ಕೈಲಿದ್ದ ಪಿಟಾನ್‌ಗಳನ್ನೇ ಹೊಡೆದು, ಕಿತ್ತು, ಮತ್ತೆ ಮೇಲೆ ಹೊಡೆಯಬೇಕಾಗಿತ್ತು. ಮೆದು ಕಬ್ಬಿಣ ಅದಕ್ಕೆ ಬಾಳಿಕೆ ಬರುತ್ತಿರಲಿಲ್ಲ. ಸಲಾಥೆ ಅವರ ಗಡಸು ಉಕ್ಕೂ ಮುಂದೆ ಶುಯಿನಾರ್ಡ್ ಬಳಸಿದ ಕ್ರೋಮ್-ಮಾಲಿಬ್ಡಿನಂ ಉಕ್ಕೂ ಬಂದದ್ದು ಈ ಅಗತ್ಯದಿಂದ. ಗಡಸು ಪಿಟಾನಿನ ಮೈ ನೆಟ್ಟಗೇ ಉಳಿದು, ಸುತ್ತಿಗೆಯ ಪೆಟ್ಟು ಬಿದ್ದ ತಲೆ ಮಾತ್ರ ಅಣಬೆಯಂತೆ ಹರಡಿರುತ್ತದೆ. ಅರದಿಂದ ಉಜ್ಜಿ ಗಡಸುತನ ಪರೀಕ್ಷಿಸುವ ಆಸೆ ಬಂದರೆ ತಡೆದುಕೊಳ್ಳಿ, ಆ ಗಾಯ ಮಾಯುವುದಿಲ್ಲ.

ಉತ್ತರ 2 (ಶೆಫೀಲ್ಡ್‌ನಿಂದ)

ಪಿಟಾನ್‌ಗಳ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ಉಳಿದವುಗಳ ಬೇರು ನಾನಿರುವ ಈ ದೇಶದಲ್ಲಿದೆ. ವೇಲ್ಸ್‌ನ ಬಂಡೆಗಳಲ್ಲಿ ಹತ್ತುವವರು 1950ರ ದಶಕದಲ್ಲಿ ಯಂತ್ರಗಳ ನಟ್‌ಗಳ ಒಳಗಿನ ತಿರುಪು ಗೆರೆಗಳನ್ನು ಕೊರೆದು ತೆಗೆದು, ಹಗ್ಗ ಪೋಣಿಸಿ, ಬಿರುಕುಗಳಲ್ಲಿ ಸಿಕ್ಕಿಸುತ್ತಿದ್ದರು. ಇಂದಿಗೂ ಆ ಸಲಕರಣೆಗೆ ನಟ್ ಎಂಬ ಹೆಸರು ಉಳಿದಿರುವುದು ಅದರಿಂದಲೇ. ಹತ್ತುವುದಕ್ಕೆಂದೇ ರೂಪಿಸಿದ ಬೆಣೆಗಳಲ್ಲಿ ಜಾನ್ ಬ್ರೇಲ್ಸ್‌ಫೋರ್ಡ್ ಅವರ ಮೋಆಕ್ ಮೊದಮೊದಲಿನದು, 1962ರದ್ದು. ಅದು ಕ್ಯಾಲಿಫೋರ್ನಿಯಾದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ನನಗೆ ಬಹಳ ಸಂತೋಷ ತಂದಿದೆ. ಅಮೆರಿಕದ ಆರೋಹಿ ರಾಯಲ್ ರಾಬಿನ್ಸ್ 1966ರಲ್ಲಿ ಇಂಗ್ಲೆಂಡಿಗೆ ಬಂದು ನಟ್‌ಗಳ ಬಳಕೆಯನ್ನು ಕಂಡು, ಮರುವರ್ಷ ಯೊಸೆಮಿಟಿಯಲ್ಲಿ ನಟ್‌ಕ್ರ್ಯಾಕರ್ ಎಂಬ ಹಾದಿಯನ್ನು ಪಿಟಾನ್ ಹೊಡೆಯದೆ ಹತ್ತಿದರು. ನಿಮ್ಮ ಬೆಣೆಯೂ ಅಂಥದೇ ಯಾರದೋ ಪ್ರಯಾಣದಲ್ಲಿ ಸಾಗರ ದಾಟಿರಬಹುದು.

ಹೆಕ್ಸ್‌ಗಳಿಗೆ ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ಶುಯಿನಾರ್ಡ್ ಮತ್ತು ಫ್ರಾಸ್ಟ್ 1971ರಲ್ಲಿ ಹೊರತಂದ ಮೊದಲ ರೂಪ ಸಮಮಿತಿಯದು. ಕೆಲವೇ ವರ್ಷಗಳಲ್ಲಿ ಅದನ್ನು ತಿದ್ದಿ, ಒಂದೇ ಹೆಕ್ಸ್ ಬೇರೆ ಬೇರೆ ಅಗಲದ ಬಿರುಕುಗಳಲ್ಲಿ ಕೂರುವಂತೆ ಎದುರುಬದುರು ಮುಖಗಳನ್ನು ಓರೆ ಮಾಡಿದರು. ಎದುರು ಮುಖಗಳ ನಡುವಿನ ಅಂತರವನ್ನು ಎರಡೂ ಅಂಚುಗಳಲ್ಲಿ ಅಳೆಯಿರಿ. ಅಳತೆ ಒಂದೇ ಬಂದರೆ ಮೊದಲಿನ ರೂಪ, ಹೆಚ್ಚುಕಡಿಮೆ ಬಂದರೆ ತಿದ್ದಿದ ರೂಪ.

ನಿಮ್ಮ ಕ್ಯಾಮ್ ಫ್ರೆಂಡ್ ಎಂಬ ಹೆಸರಿನದಾಗಿದ್ದರೆ ಅದು ರೇ ಜಾರ್ಡೀನ್ ಅವರ ಸೃಷ್ಟಿ. ಮಾರ್ಕ್ ವ್ಯಾಲೆನ್ಸ್ ಅವರ ವೈಲ್ಡ್ ಕಂಟ್ರಿ ಕಂಪನಿ 1978ರಿಂದ ಅದನ್ನು ಇಲ್ಲಿ ಡರ್ಬಿಶೈರ್‌ನಲ್ಲಿ ತಯಾರಿಸಿ ಮಾರಿತು. ಬಾಗುವ ದಂಡದ ಮಾದರಿ ಬಂದದ್ದು ಸುಮಾರು ಹತ್ತು ವರ್ಷಗಳ ನಂತರ. ಗಟ್ಟಿ ದಂಡದ್ದೂ ಆಗಲೇ ನಿಂತುಹೋಗಲಿಲ್ಲ, ಹಾಗಾಗಿ ದಂಡವೊಂದರಿಂದಲೇ ವರ್ಷ ಹೇಳಬೇಡಿ. ಇನ್ನು ಆ ದಾರದ ಕುಣಿಕೆ: ಅಡ್ಡ ಬಿರುಕಿನಲ್ಲಿಟ್ಟ ಗಟ್ಟಿ ದಂಡ ಬಂಡೆಯ ಅಂಚಿನಾಚೆ ಚಾಚಿಕೊಂಡಿರುತ್ತದೆ, ಬಿದ್ದವರ ಭಾರ ಅದರ ತುದಿಗೆ ಬಂದರೆ ದಂಡವೇ ಮುರಿಯಬಹುದು. ಅದಕ್ಕಾಗಿ ದಂಡದಲ್ಲಿ, ಬಿರುಕನ್ನು ಕಚ್ಚುವ ಭಾಗಕ್ಕೆ ಹತ್ತಿರದ ತೂತಿನಲ್ಲಿ ದಾರ ಕಟ್ಟಿ, ಭಾರ ಅಲ್ಲಿಗೇ ಬೀಳುವಂತೆ ಮಾಡಿಕೊಳ್ಳುತ್ತಿದ್ದರು. ಹಿಂದಿನ ಒಡೆಯರ ಅನುಭವವೇ ಆ ಗಂಟಿನಲ್ಲಿದೆ. ಅದನ್ನು ಬಿಚ್ಚಬೇಡಿ.

ಉತ್ತರ 3 (ಬೆಂಗಳೂರಿನಿಂದ)

ತಂತಿಯ ಬ್ರಷ್ ಖಂಡಿತ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮ ತಂಡದ ಹಿರಿಯರೊಬ್ಬರು ಪ್ರೀತಿಯಿಂದ ಕೊಟ್ಟಿದ್ದ ಹಳೆಯ ಪಿಟಾನ್ ಒಂದನ್ನು ನಾನು ಗ್ರೈಂಡರಿಗೆ ಸಿಕ್ಕಿಸಿದ ತಂತಿ ಚಕ್ರದಿಂದ ಹೊಳಪು ಮಾಡಿದೆ. ಹತ್ತೇ ನಿಮಿಷದಲ್ಲಿ ತುಕ್ಕಿನೊಡನೆ ಪಿಟಾನಿನ ತೂತಿನ ಪಕ್ಕದ ಮುದ್ರೆಯೂ ಅಳಿಸಿಹೋಯಿತು. ಅದು ಯಾರ ಕುಲುಮೆಯಿಂದ ಬಂದದ್ದೆಂದು ಹೇಳಲು ಈಗ ಯಾವ ದಾರಿಯೂ ಉಳಿದಿಲ್ಲ, ಕೊಟ್ಟವರೂ ಇಲ್ಲ. ಮೆತ್ತನೆಯ ಬಟ್ಟೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಒರೆಸಿದರೆ ಸಾಕು.

ಹಗ್ಗ ಪೋಣಿಸಿದ ಹೆಕ್ಸ್‌ಗಳನ್ನು ಬಂಡೆಗೆ ಒಯ್ಯಬೇಡಿ. ನೈಲಾನ್ ಬಳಸದೆ ಇಟ್ಟರೂ ಹಳತಾಗುತ್ತದೆ. ಹತ್ತು ವರ್ಷಗಳಾಚೆಗೆ ಅದನ್ನು ನಂಬಬಾರದೆಂದು ತಯಾರಕರೇ ಸಾಮಾನ್ಯವಾಗಿ ಹೇಳುತ್ತಾರೆ. ಹೊಸ ಹಗ್ಗ ಪೋಣಿಸಬಹುದಲ್ಲವೇ ಎಂದು ನೀವು ಕೇಳಬಹುದು, ಆದರೆ ಆ ಹಳೆಯ ಹಗ್ಗ, ಅದರ ಗಂಟು, ಅದರ ಬಣ್ಣ ಎಲ್ಲವೂ ಕಾಲವನ್ನು ಗುರುತಿಸುವ ಸಾಕ್ಷ್ಯಗಳೇ. ಹಾಗೆಯೇ, ಸಂಗ್ರಹ ಬೆಳೆಸುವ ಉತ್ಸಾಹದಲ್ಲಿ ಬಂಡೆಯಲ್ಲಿ ನೆಟ್ಟಿರುವ ಹಳೆಯ ಪಿಟಾನ್‌ಗಳನ್ನು ಯಾರೂ ಕೀಳಬಾರದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು ಕುಳಿತೆ. ವಜ್ರಾಕೃತಿಯ ಐದು ಮುದ್ರೆಗಳಲ್ಲಿ ನಾಲ್ಕು ಸ್ಪಷ್ಟವಾಗಿ ಸಿ. ಐದನೆಯದರಲ್ಲಿ ಕಾಗದದ ಮೇಲೆ ನೆಟ್ಟಗಿನ ಒಂದು ಗೆರೆ ಮೂಡಿದೆ, ಆದರೆ ಮೇಲ್ಭಾಗ ತುಕ್ಕಿನಲ್ಲಿ ಮುಚ್ಚಿಹೋಗಿದೆ. ಸಿ ಅಕ್ಷರಕ್ಕೆ ನೆಟ್ಟಗಿನ ಗೆರೆ ಇರಲಾರದೆಂಬುದೇ ನನ್ನ ನಿದ್ದೆ ಕೆಡಿಸಿದೆ. ಎರಡು ಹೆಕ್ಸ್‌ಗಳ ಅಳತೆ ಎರಡೂ ಅಂಚಿನಲ್ಲಿ ಒಂದೇ ಬಂತು, ಮೂರನೆಯದರಲ್ಲಿ 3 ಮಿಲಿಮೀಟರ್ ವ್ಯತ್ಯಾಸವಿದೆ. ಯಾವುದನ್ನೂ ಉಜ್ಜಿಲ್ಲ, ಯಾವ ಗಂಟನ್ನೂ ಬಿಚ್ಚಿಲ್ಲ. ಆ ಐದನೆಯ ಪಿಟಾನನ್ನು ಮುಂದಿನ ವಾರ ಮಾರಿಪೋಸಾದ ಯೊಸೆಮಿಟಿ ಆರೋಹಣ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಿ, ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.