ಹೋಲ್ಸ್ಟ್‌ರ 'ಮಾರ್ಸ್' ನುಡಿಸಲು ಪಾಶ್ಚಾತ್ಯ ಪಿಟೀಲಿಗೆ ಬದಲಾಗಬೇಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ ಕೇಳಿದ ತಾಯಿ: ನನ್ನ ಮಗಳಿಗೆ 13 ವರ್ಷ, ಆರು ವರ್ಷಗಳಿಂದ ಕರ್ನಾಟಕ ಶೈಲಿಯ ಪಿಟೀಲು ಕಲಿಯುತ್ತಿದ್ದಾಳೆ. ಹಳೆಯ ಬ್ರಿಟಿಷ್ ಧಾರಾವಾಹಿ 'ಸ್ಪೇಸ್: 1999'ರ 'ಸ್ಪೇಸ್ ಬ್ರೈನ್' ಕಂತಿನಲ್ಲಿ, ಚಂದ್ರನ ಮೇಲಿನ ನೆಲೆಯೊಳಗೆ ನೊರೆ ನುಗ್ಗುವಾಗ ಇಂಗ್ಲಿಷ್ ಸಂಯೋಜಕ ಗುಸ್ತಾವ್ ಹೋಲ್ಸ್ಟ್‌ರ 'ಮಾರ್ಸ್' ಎಂಬ ವಾದ್ಯವೃಂದದ ರಚನೆ ಕೇಳಿದಂದಿನಿಂದ ಅದನ್ನೇ ನುಡಿಸಬೇಕೆಂದು ಹಟ ಹಿಡಿದಿದ್ದಾಳೆ. ಪಾಶ್ಚಾತ್ಯ ಪಾಠಕ್ಕೆ ಸೇರಿಸಲೇ?

ಮೈಸೂರಿನ ತಂದೆ: ನಾವು ಮಗನನ್ನು ಬದಲಾಯಿಸಿದೆವು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಷಡ್ಜ-ಪಂಚಮಕ್ಕೆ ಶ್ರುತಿ ಮಾಡಿದ ವಾದ್ಯವನ್ನು ಪಾಶ್ಚಾತ್ಯ ಶ್ರುತಿಗೆಂದು ವಾರಕ್ಕೆರಡು ಬಾರಿ ಬಿಚ್ಚಿ ಕಟ್ಟುವುದು ಸಾಧ್ಯವಿಲ್ಲದ್ದರಿಂದ ಎರಡನೆಯ ಪಿಟೀಲಿಗೆ 16,500 ರೂಪಾಯಿ, ಭುಜದ ಆಸರೆಗೆ 1,400, ತಂತಿಗಳಿಗೆ 2,200 ಕೊಟ್ಟೆ. ಪಾಠದ ಶುಲ್ಕ ತಿಂಗಳಿಗೆ 4,000. 'ಮಾರ್ಸ್' ಶುರುವಾಗುವುದೇ ಕಮಾನಿನ ಕಡ್ಡಿಯಿಂದ ತಂತಿಗೆ ಹೊಡೆಯುವುದರಿಂದ. ಮಗ ಒಂದು ಸಂಜೆ ಪೂರ್ತಿ ಹಾಗೆ ಹೊಡೆದು, ಒಳ್ಳೆಯ ಕಮಾನಿನ ಮೆರುಗಿನ ಮೇಲೆ ತಂತಿಯ ಗೀರುಗಳನ್ನು ಸಾಲಾಗಿ ಮೂಡಿಸಿದ. ದುರಸ್ತಿಗೆ 2,800 ಹೋಯಿತು. ಈಗ ಅದಕ್ಕೆಂದೇ 900 ರೂಪಾಯಿಯ ಬೇರೆ ಕಮಾನು ಇಟ್ಟಿದ್ದೇವೆ.

ಬೆಂಗಳೂರಿನ ಪಿಟೀಲು ವಾದಕಿ: ನಾನೂ ಹದಿನಾಲ್ಕರಲ್ಲಿ ಹೀಗೆಯೇ ಬದಲಾದವಳು. ನೆಲದಲ್ಲಿ ಕುಳಿತು, ವಾದ್ಯದ ತಲೆಯನ್ನು ಪಾದಕ್ಕೆ ಆನಿಸಿಕೊಂಡಾಗ ಎಡಗೈ ನಿರಾಳವಾಗಿ ಜಾರುತ್ತಿತ್ತು; ನಿಂತು ಗದ್ದಕ್ಕೆ ಒತ್ತಿ ಹಿಡಿದ ಮೇಲೆ ಸ್ವರವನ್ನು ಜಾರಿಸಿ ತೂಗುವ ನನ್ನ ಗಮಕಗಳೇ ಹೋದವು. ಅವನ್ನು ಮರಳಿ ಪಡೆಯಲು ನಾಲ್ಕು ವರ್ಷ ಬೇಕಾಯಿತು. ದುಡ್ಡಿನ ಲೆಕ್ಕ ಬರೆದವರು ಈ ಲೆಕ್ಕವನ್ನೂ ಬರೆಯಬೇಕಿತ್ತು. 'ಮಾರ್ಸ್' ಎಂದರೆ ಐದು ಮಾತ್ರೆಯ ನಮ್ಮ ಖಂಡಚಾಪು ತಾಳವೇ. ಅದನ್ನು ನಮ್ಮ ಶ್ರುತಿಯಲ್ಲೇ ನುಡಿಸಲು ಯಾವ ಅಡ್ಡಿಯೂ ಇಲ್ಲ.

ಮೃದಂಗ ಕಲಿತವನು: ಖಂಡಚಾಪುವಲ್ಲ, ದಯವಿಟ್ಟು ಹಾಗೆ ಹೇಳಿಕೊಡಬೇಡಿ. ಚಾಪುವಿನಲ್ಲಿ 'ತಕ ತಕಿಟ' ಎಂದು ಐದು ಸಣ್ಣ ಮಾತ್ರೆಗಳು ಓಡುತ್ತವೆ. 'ಮಾರ್ಸ್'ನಲ್ಲಿರುವುದು ಐದು ಪೂರ್ಣ ಎಣಿಕೆ: 'ತಕಿಟ, ತಾ, ತಾ, ತಕ, ತಾ'. ಮೊದಲ ಎಣಿಕೆಯೊಳಗೆ ಮೂರು ಪೆಟ್ಟು ಸಮವಾಗಿ ಕೂರಬೇಕು; ನನ್ನ ಕೈ ಅಲ್ಲಿಗೆ ಬಗ್ಗಲು ಎರಡು ತಿಂಗಳು ಹಿಡಿಯಿತು.

ಬೆಂಗಳೂರಿನ ಪಿಟೀಲು ವಾದಕಿ: ಐದು ಐದೇ. ಮೂವತ್ತು ವರ್ಷ ನುಡಿಸಿದವಳಿಗೆ ತಾಳದ ಪಾಠ ಬೇಡ.

ಮೈಸೂರಿನ ತಂದೆ: ನನ್ನ ಮಗ ಸೋತ ಎಂಬಂತೆ ನೀವು ಬರೆದದ್ದು ನೋವು ತಂದಿದೆ. ಅವನು ಈಗಲೂ ಭೈರವಿ ವರ್ಣ ನುಡಿಸುತ್ತಾನೆ.

ಹಳೆಯ ಧಾರಾವಾಹಿಗಳ ಪ್ರೇಮಿ: 1914ರಿಂದ 1916ರ ನಡುವೆ ರಚನೆಯಾದ 'ದಿ ಪ್ಲಾನೆಟ್ಸ್' ಕೃತಿಯ ಭಾಗವಾದ ಈ 'ಮಾರ್ಸ್' 1953ರಲ್ಲೇ ಬಿಬಿಸಿಯ 'ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಧಾರಾವಾಹಿಗೆ ಶೀರ್ಷಿಕೆ ಸಂಗೀತವಾಗಿತ್ತು, ಆ ಆರು ಕಂತುಗಳಲ್ಲಿ ಎರಡೇ ಉಳಿದಿವೆ. 'ಸ್ಪೇಸ್: 1999' ಇನ್ನೊಂದು ಕಂತಿನಲ್ಲಿ ಬಳಸಿದ, ಹಳೆಯ ಇಟಾಲಿಯನ್ ಸಂಯೋಜಕ ಅಲ್ಬಿನೋನಿಯದೆಂದು ಹೆಸರಾದ ಅಡಾಜಿಯೋ (ನಿಧಾನಗತಿಯ ರಚನೆ) ನಿಜವಾಗಿ ಜಿಯಾಜೊಟ್ಟೊ ಎಂಬ ಸಂಗೀತ ವಿದ್ವಾಂಸ 1958ರಲ್ಲಿ ಪ್ರಕಟಿಸಿದ್ದು. ಅದನ್ನೇ ಪ್ರಾಚೀನವೆಂದು ನಂಬಿ ನಾನು ಮೂರು ಧ್ವನಿಮುದ್ರಿಕೆಗಳಿಗೆ 7,350 ರೂಪಾಯಿ ಸುರಿದೆ, ಒಂದು ಸೊಟ್ಟಗಾಗಿ ಬಂತು.

ಮೃದಂಗ ಕಲಿತವನು: ತಾಯಿಯವರು ಕೇಳಿದ್ದು ಅಲ್ಬಿನೋನಿಯ ಬಗ್ಗೆ ಅಲ್ಲ. ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳಿಗೆ ಸ್ವರ ಹಾಕಿದವರು, ಸಾವಿತ್ರಿಯ ಕಥೆಯನ್ನು ಗೀತನಾಟಕವಾಗಿಸಿದವರು. ಬಲಗೈಯ ನರದ ನೋವಿನಿಂದ ಪಿಯಾನೊ ಬಿಟ್ಟು ಟ್ರಾಂಬೋನ್ ಎಂಬ ಊದುವ ವಾದ್ಯ ಹಿಡಿದವರು. ಮಗುವಿಗೆ ಮೊದಲು ಆ ಐದು ಎಣಿಕೆಯನ್ನು ಕೈಯಲ್ಲಿ ಹಾಕಿಸಿ. ಕಮಾನು ಆಮೇಲೆ.