ಕೋಯಿ ಕೊಳಕ್ಕೆ ದೊಡ್ಡ ಬಯೋ ಫಿಲ್ಟರ್ ಹಾಕೋದಾ, ತಳ ಒಡೆಯೋದಾ?

ಹೊಸಕೊಳ: ಎಲ್ಲರಿಗೂ ನಮಸ್ಕಾರ. ನಮ್ಮದು 12,000 ಲೀಟರಿನ ಕಾಂಕ್ರೀಟ್ ಕೊಳ. ಹತ್ತು ಕೋಯಿ (ಬಣ್ಣದ ಜಪಾನಿ ಕಾರ್ಪ್ ಮೀನು) ಇವೆ, ಒಂದೊಂದೂ ಸುಮಾರು ಒಂದು ಕೆಜಿ ತೂಗಬಹುದು. ತಳದಲ್ಲಿ ಪಂಪ್ ಇಟ್ಟಿದ್ದೇವೆ. ಅದು ದಡದ ಮೇಲಿನ ಸ್ಪಾಂಜ್ ಪೆಟ್ಟಿಗೆಗೆ ನೀರು ತಳ್ಳುತ್ತದೆ. ಎರಡು ದಿನಕ್ಕೊಮ್ಮೆ ಸ್ಪಾಂಜ್ ಕಟ್ಟಿಕೊಳ್ಳುತ್ತದೆ. ನೀರು ಹಸಿರು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯ (ಮೀನಿನಿಂದ ನೀರಿಗೆ ಸೇರುವ ವಿಷ) ಲೀಟರಿಗೆ 0.5 ಮಿಲಿಗ್ರಾಂ ಬರುತ್ತಿದೆ. ಈಗಿನ ಪೆಟ್ಟಿಗೆಯ ಮೂರು ಪಟ್ಟು ದೊಡ್ಡ ಬಯೋ ಫಿಲ್ಟರ್ (ಅಮೋನಿಯ ಅರಗಿಸುವ ಬ್ಯಾಕ್ಟೀರಿಯಾ ಬೆಳೆಯುವ ಫಿಲ್ಟರ್) ಮತ್ತು ಒಂದು ಯುವಿ (ನೇರಳಾತೀತ) ಲ್ಯಾಂಪ್ ಹಾಕೋಣ ಅಂತಿದ್ದೇನೆ. ಏನಂತೀರಿ?

ಪೈಪುಪ್ರಿಯ: ಬಯೋ ಫಿಲ್ಟರ್ ವಿಷಯ ಆಮೇಲೆ. ನಿಮ್ಮ ತೊಂದರೆ ಇರುವುದು ಪಂಪ್ ಕೂತ ಜಾಗದಲ್ಲಿ. ಕೋಯಿ ಹಿಕ್ಕೆ ಹಾಕುವಾಗ ಒಮ್ಮೆ ಗಮನಿಸಿ. ಉದ್ದಕ್ಕೆ ಒಂದೇ ತುಂಡಾಗಿ ಹೊರಬಂದು ಸೀದಾ ತಳಕ್ಕೆ ಇಳಿಯುತ್ತದೆ. ಆಗ ಅದನ್ನು ಹಿಡಿಯುವುದು ಸುಲಭ. ಅದೇ ತುಂಡು ಪಂಪಿನ ಇಂಪೆಲ್ಲರ್ (ತಿರುಗುವ ಚಕ್ರ) ದಾಟಿದರೆ ನುಣ್ಣಗೆ ಅರೆದುಹೋಗಿ ನೀರಲ್ಲಿ ಕದಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಸ್ಪಾಂಜ್ ಇಡುವುದು ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ತಳದ ನಡುವೆ ಒಡೆದು 4 ಇಂಚಿನ ಬಾಟಮ್ ಡ್ರೈನ್ (ತಳದಿಂದ ನೀರು ಹೊರಹೋಗುವ ಬಾಯಿ) ಕೂರಿಸಿ. ನೀರು ತಾನಾಗಿ ಫಿಲ್ಟರಿಗೆ ಹರಿದು ಬರಲಿ. ಪಂಪ್ ಎಲ್ಲಕ್ಕಿಂತ ಕೊನೆಗೆ.

ಶವರ್ ಶಾಸ್ತ್ರಿ: ಪೈಪುಪ್ರಿಯ ಅವರಿಗೆ ಯಾವ ಪ್ರಶ್ನೆ ಕೇಳಿದರೂ ಉತ್ತರ ಪೈಪೇ 😄 ಕಾಂಕ್ರೀಟ್ ಕೊಳದ ತಳ ಒಡೆಯಿರಿ ಅಂತ ಇಷ್ಟು ಸುಲಭವಾಗಿ ಹೇಳಿಬಿಟ್ಟರೆ ಹೇಗೆ? ಅಮೋನಿಯ ಇದೆ ಅಂದರೆ ಬ್ಯಾಕ್ಟೀರಿಯಾ ಸಾಲುತ್ತಿಲ್ಲ ಅಂತ ಅರ್ಥ. ಒಂದು ಶವರ್ ಫಿಲ್ಟರ್ ಹಾಕಿ. ಟ್ರೇಗಳ ಮೇಲೆ ನೀರು ತೆಳ್ಳಗೆ ಬೀಳುವಾಗ ಆಮ್ಲಜನಕ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ.

ಜಲಚರಿ: ಶಾಸ್ತ್ರಿಗಳೇ, ಬ್ಯಾಕ್ಟೀರಿಯಾ ಸಾಲುತ್ತಿಲ್ಲ ಅನ್ನುವ ಮೊದಲು ಲೆಕ್ಕ ಹಾಕೋಣ. ಹತ್ತು ಕೆಜಿ ಮೀನು, ದಿನಕ್ಕೆ ತೂಕದ ನೂರಕ್ಕೆ ಒಂದು ಪಾಲು ಆಹಾರ ಅಂದರೆ 100 ಗ್ರಾಂ. ಅದರಲ್ಲಿ 35% ಪ್ರೋಟೀನ್ ಇದ್ದರೆ ದಿನಕ್ಕೆ ಸುಮಾರು 3 ಗ್ರಾಂ ಅಮೋನಿಯ ಸಾರಜನಕ ನೀರಿಗೆ ಬರುತ್ತದೆ. ಹೆಚ್ಚಿನದು ಕಿವಿರುಗಳಿಂದಲೇ. ಒಂದು ಚದರ ಮೀಟರ್ ಮೇಲ್ಮೈಯ ಬ್ಯಾಕ್ಟೀರಿಯಾ ದಿನಕ್ಕೆ ಕಾಲು ಗ್ರಾಂ ಅರಗಿಸಿದರೂ 13 ಚದರ ಮೀಟರ್ ಸಾಕು. ಕೆ1 ಮೀಡಿಯಾದ (ಬ್ಯಾಕ್ಟೀರಿಯಾ ಅಂಟಿಕೊಳ್ಳುವ ಸಣ್ಣ ಪ್ಲಾಸ್ಟಿಕ್ ಚಕ್ರಗಳ) ಒಂದು ಲೀಟರಿನಲ್ಲಿ ಒಳಮೈ ಸುಮಾರು ಅರ್ಧ ಚದರ ಮೀಟರ್ ಇದೆ. ಅಂದರೆ 26 ಲೀಟರ್. ಎಚ್ಚರಿಕೆಗೆ ಅದರ ಎರಡು ಪಟ್ಟು ಹಾಕಿದರೂ ಒಂದು ಸಣ್ಣ ಡ್ರಮ್ಮಿನಲ್ಲಿ ಕೂರುತ್ತದೆ.

ಹೊಸಕೊಳ ಅವರ ಈಗಿನ ಸ್ಪಾಂಜ್‌ಗೂ ಸಾಕಷ್ಟು ಮೇಲ್ಮೈ ಇರಬೇಕು. ಆದರೆ ಅದರ ಮೇಲೆ ಕೆಸರು ಮೆತ್ತಿಕೊಂಡು ಕೆಲಸಕ್ಕೆ ಬಾರದ ಹಾಗಾಗಿದೆ. ಒಂದು ಕೇಳಬೇಕಿತ್ತು, ಸ್ಪಾಂಜ್ ಯಾವ ನೀರಲ್ಲಿ ತೊಳೆಯುತ್ತೀರಿ?

ಹೊಸಕೊಳ: ನಲ್ಲಿ ನೀರಲ್ಲೇ ಮೇಡಂ. ಜೋರಾಗಿ ಪೈಪ್ ಹಿಡಿದು.

ಜಲಚರಿ: ಆ ನೀರಲ್ಲಿ ಕ್ಲೋರಿನ್ ಇದ್ದರೆ ಎರಡು ದಿನಕ್ಕೊಮ್ಮೆ ಬ್ಯಾಕ್ಟೀರಿಯಾ ಸಾಯುತ್ತಿವೆ. ಹೊಸ ಫಿಲ್ಟರ್ ಪೂರ್ತಿ ಕೆಲಸಕ್ಕೆ ಬರಲು ಹಲವು ವಾರ ಬೇಕು, ನಿಮ್ಮದಕ್ಕೆ ಆ ಅವಕಾಶವೇ ಸಿಗುತ್ತಿಲ್ಲ. ಇವತ್ತಿನಿಂದ ಕೊಳದ ನೀರನ್ನೇ ಬಕೆಟ್ಟಿನಲ್ಲಿ ತೆಗೆದು ಅದರಲ್ಲಿ ಹಿಂಡಿ. ಆಹಾರ ಅರ್ಧಕ್ಕೆ ಇಳಿಸಿ. ನೈಟ್ರೈಟ್ (ಅಮೋನಿಯ ಅರಗುವಾಗ ಮಧ್ಯೆ ಬರುವ ಇನ್ನೊಂದು ವಿಷ) ಕೂಡ ಟೆಸ್ಟ್ ಮಾಡಿ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಎಷ್ಟಿದೆ ಅಂತಲೂ ಹೇಳಿ. ಪಿಎಚ್ 8 ದಾಟಿದ್ದು ನೀರು ಬೆಚ್ಚಗಿದ್ದರೆ ಅದೇ 0.5 ಅಮೋನಿಯ ಬಹಳ ಜಾಸ್ತಿ ವಿಷ.

ಡ್ರಮ್ಮಣ್ಣ: ಇಷ್ಟೆಲ್ಲ ಯಾಕೆ? ಒಂದು ಡ್ರಮ್ ಫಿಲ್ಟರ್ ತಂದು ಇಡಿ. ತಿರುಗುವ ಡ್ರಮ್ಮಿನ ಸುತ್ತ 60-70 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಜಾಲರಿ. ಜಾಲರಿ ಕಟ್ಟಿಕೊಂಡರೆ ಒಳಗೆ ನೀರಿನ ಮಟ್ಟ ಬದಲಾಗುತ್ತದೆ, ಸೆನ್ಸರ್ ಗೊತ್ತುಹಚ್ಚುತ್ತದೆ, ಡ್ರಮ್ ತಿರುಗಿ ತಾನೇ ತೊಳೆದುಕೊಂಡು ಕೊಳೆಯನ್ನು ಚರಂಡಿಗೆ ಹಾಕುತ್ತದೆ. ನೀವು ಸುಮ್ನೆ ಮೀನು ನೋಡ್ತಾ ಕೂತಿರಿ.

ನಿಧಾನಿ: ಸೆನ್ಸರ್ ಕೈಕೊಡುವವರೆಗೆ ಸುಮ್ನೆ ಕೂರಬಹುದು ಅಣ್ಣ. ಹತ್ತು ಮೀನಿಗೆ ಡ್ರಮ್ ಬೇಕಾ? ಒಂದು 200 ಲೀಟರ್ ಬ್ಯಾರೆಲ್ ತಗೊಂಡು ರೇಡಿಯಲ್ ಫ್ಲೋ ಸೆಟ್ಲರ್ ಮಾಡಿದರೆ ಸಾಕು. ನೀರು ನಡುವಿನ ಅಗಲ ಪೈಪಿನೊಳಗೆ ಬಂದು, ಕೆಳಗೆ ಇಳಿದು, ನಿಧಾನಕ್ಕೆ ಸುತ್ತಲೂ ಮೇಲೇರುತ್ತದೆ. ಕೊಳೆ ತಳದಲ್ಲಿ ಕೂರುತ್ತದೆ. ತಿರುಗುವ ಭಾಗ ಒಂದೂ ಇಲ್ಲ.

ಪೈಪುಪ್ರಿಯ: ಐಡಿಯಾ ಸರಿ, ಬ್ಯಾರೆಲ್ ಚಿಕ್ಕದು. 4 ಇಂಚಿನ ಡ್ರೈನ್ ಪೈಪಿನಲ್ಲಿ ಗಂಟೆಗೆ ಸುಮಾರು 10,000 ಲೀಟರ್ ಹರಿಯಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ಕೊಳೆ ಪೈಪಿನೊಳಗೇ ಕೂರುತ್ತದೆ. ಅಷ್ಟು ನೀರು 57 ಸೆಂಟಿಮೀಟರ್ ಅಗಲದ ಬ್ಯಾರೆಲ್ಲಿಗೆ ಬಂದರೆ ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವೇಗದಲ್ಲಿ ಮೇಲೇರುತ್ತದೆ. ಆ ಓಟದಲ್ಲಿ ಸಣ್ಣ ಕೊಳೆ ಎಲ್ಲಿ ಕೂರುತ್ತದೆ? ಅದೇ ನೀರು ಒಂದು ಮೀಟರ್ ಅಗಲದ ಟ್ಯಾಂಕಿಗೆ ಬಂದರೆ ಸೆಕೆಂಡಿಗೆ 3.5 ಮಿಲಿಮೀಟರ್ ಅಷ್ಟೇ. ಟ್ಯಾಂಕಿನ ಎತ್ತರ ಅಲ್ಲ, ಅಗಲ ನೋಡಿ.

ನಿಧಾನಿ: ಒಪ್ಪಿದೆ. ಹಾಗಾದರೆ ಒಂದು ಮೀಟರ್ ಅಗಲದ್ದೇ ಇರಲಿ.

ಡ್ರಮ್ಮಣ್ಣ: ಸೆಟ್ಲರಿನಲ್ಲಿ ಕೂತ ಕೊಳೆ ಎಲ್ಲಿ ಹೋಯಿತು ಸ್ವಾಮಿ? ಅಲ್ಲೇ ಇದೆ! ಅದನ್ನು ದಾಟಿಕೊಂಡೇ ನೀರು ಮತ್ತೆ ಕೊಳಕ್ಕೆ ಹೋಗುತ್ತದೆ. ಕೊಳೆತು ಅಮೋನಿಯ ಬಿಡುತ್ತದೆ. ತಡೆದು ಇಟ್ಟರೆ ತೆಗೆದ ಹಾಗಾಗಲ್ಲ. ಡ್ರಮ್ ನಿಮಿಷಗಳಲ್ಲಿ ಹೊರಗೆ ಹಾಕುತ್ತದೆ.

ಜಲಚರಿ: ಈ ಮಾತು ನೂರಕ್ಕೆ ನೂರು ನಿಜ. ಯಾವ ಫಿಲ್ಟರ್ ಅನ್ನುವುದಕ್ಕಿಂತ ಕೊಳೆ ಎಷ್ಟು ಹೊತ್ತು ನೀರಿನ ಜೊತೆ ಇರುತ್ತದೆ ಅನ್ನುವುದೇ ಮುಖ್ಯ. ಆದರೆ ಸೆಟ್ಲರಿನ ತಳಕ್ಕೆ ಒಂದು ವಾಲ್ವ್ ಇಟ್ಟು ದಿನಾ ಬೆಳಿಗ್ಗೆ ತೆರೆದರೆ ಅದೂ ಕೆಲಸ ಮಾಡುತ್ತದೆ. ಮೊದಲು ಕಂದು ನೀರು ಬರುತ್ತದೆ, ತಿಳಿಯಾದ ಕೂಡಲೇ ಮುಚ್ಚಿ. ಹಾಗೆ ಹೋದ ನೀರಿನ ಬದಲು ಕ್ಲೋರಿನ್ ತೆಗೆದ ಹೊಸ ನೀರು ಸೇರುವುದೂ ಲಾಭವೇ. ವಾಲ್ವ್ ತೆರೆಯಲು ಸೋಮಾರಿತನ ಇರುವವರು ಡ್ರಮ್ ತಗೊಳ್ಳಿ.

ಡ್ರಮ್ಮಣ್ಣ: ಸೋಮಾರಿ ಅಂತ ನನಗೇ ಹೇಳಿದ್ದು ಅಲ್ವಾ ಮೇಡಂ 😂 ಇರಲಿ.

ಹೊಸಕೊಳ: ಪಿಎಚ್ 7.4. ನೈಟ್ರೈಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಳ ಒಡೆಯದೆ ಬೇರೆ ದಾರಿ ಇಲ್ವಾ? ಮನೆಯವರು ಈಗಲೇ ಮುಖ ಊದಿಸಿಕೊಂಡಿದ್ದಾರೆ.

ನಿಧಾನಿ: ಇದೆ. ಡ್ರೈನಿನ ಬಟ್ಟಲನ್ನು ತಳದ ಮೇಲೇ ಕೂರಿಸಿ, 4 ಇಂಚಿನ ಪೈಪನ್ನು ಗೋಡೆಗುಂಟ ಮೇಲಕ್ಕೆ ತಂದು ದಡ ದಾಟಿಸಿ, ಆಚೆ ಕಡೆ ಟ್ಯಾಂಕಿಗೆ ಇಳಿಸಬಹುದು. ಪೈಪ್ ತುಂಬ ನೀರಿದ್ದರೆ ಸೈಫನ್ ಆಗಿ, ಅಂದರೆ ದಡ ಹತ್ತಿಳಿದು ತಾನಾಗಿ ಹರಿಯುತ್ತದೆ. ಕರೆಂಟ್ ಹೋದಾಗ ಎರಡೂ ಕಡೆ ಮಟ್ಟ ಸಮ ಆಗುತ್ತದೆ, ಎರಡೂ ತುದಿ ನೀರೊಳಗೇ ಇರುವುದರಿಂದ ಪೈಪ್ ಖಾಲಿಯಾಗುವುದಿಲ್ಲ.

ಪೈಪುಪ್ರಿಯ: ಮೇಲಿನ ಬಾಗಿನಲ್ಲಿ ಗಾಳಿ ಸೇರುವುದನ್ನು ಯಾಕೆ ಹೇಳಲಿಲ್ಲ? ಸಣ್ಣ ಗುಳ್ಳೆಗಳು ಅಲ್ಲೇ ನಿಲ್ಲುತ್ತವೆ. ಹರಿವು ಕುಗ್ಗುತ್ತಾ ಕುಗ್ಗುತ್ತಾ ಒಂದು ದಿನ ನಿಂತೇ ಹೋಗುತ್ತದೆ. ಆಗ ಪಂಪ್ ಟ್ಯಾಂಕ್ ಖಾಲಿ ಮಾಡಿ ಒಣಗಿ ಓಡುತ್ತದೆ.

ನಿಧಾನಿ: ಅದಕ್ಕೆ ಬಾಗಿನ ತುದಿಗೆ ಗಾಳಿ ಎಳೆಯಲು ಒಂದು ಸಣ್ಣ ವಾಲ್ವ್, ಪಂಪಿಗೆ ಫ್ಲೋಟ್ ಸ್ವಿಚ್ (ನೀರು ಇಳಿದರೆ ಪಂಪ್ ನಿಲ್ಲಿಸುವ ಸ್ವಿಚ್). ವಾರಕ್ಕೊಮ್ಮೆ ಗಾಳಿ ತೆಗೆಯುವುದೇನು ದೊಡ್ಡ ಕೆಲಸವಲ್ಲ.

ಪೈಪುಪ್ರಿಯ: ಇಪ್ಪತ್ತು ವರ್ಷ ಇರುವ ಕೊಳಕ್ಕೆ ವಾರಕ್ಕೊಂದು ಹೊಸ ಕೆಲಸ ಯಾಕೆ ಅಂತ ನನ್ನ ವಾದ. ಕೋಯಿ ಬೆಳೆದು ಎರಡಡಿ ಆಗುತ್ತದೆ, ಆಗ ಹಿಕ್ಕೆಯೂ ಅದಕ್ಕೆ ತಕ್ಕ ಹಾಗೆ.

ಶವರ್ ಶಾಸ್ತ್ರಿ: ನನ್ನ ಶವರ್ ಎಲ್ಲರೂ ಮರೆತರು. ಸೆಟ್ಲರ್ ಆದ ಮೇಲೆ ಬಯೋ ಬೇಕೇ ಬೇಕಲ್ವಾ? ಕೆ1 ಅನ್ನು ಗಾಳಿ ಗುಳ್ಳೆಯಲ್ಲಿ ಕುಣಿಸುತ್ತಿರಲು ಏರ್ ಪಂಪ್ ಬೇಕು. ಶವರಿಗೆ ಗಾಳಿ ಪುಕ್ಕಟೆ.

ಜಲಚರಿ: ಪುಕ್ಕಟೆ ಅಲ್ಲ, ನೀರನ್ನು ಮೇಲೆತ್ತುವ ಪಂಪಿನ ಖರ್ಚಿದೆ. ಪಂಪಿನ ಪೆಟ್ಟಿಗೆ ಮೇಲೆ ಗಂಟೆಗೆ 12,000 ಲೀಟರ್ ಅಂತ ಬರೆದಿರುತ್ತದೆ, ಅದು ಎತ್ತರವೇ ಇಲ್ಲದಾಗ. ಎರಡು ಮೀಟರ್ ಮೇಲೆತ್ತಿದರೆ ಎಷ್ಟು ಬರುತ್ತದೆ ಅಂತ ಅದರ ಚಾರ್ಟ್ ನೋಡಿಯೇ ಕೊಳ್ಳಬೇಕು. ಶವರ್ ಕೆಟ್ಟದ್ದಲ್ಲ, ಸೆಕೆ ಇರುವ ಕಡೆ ನೀರು ತಂಪಾಗುತ್ತದೆ. ಚಳಿ ಇರುವ ಕಡೆ ಅದೇ ತೊಂದರೆ. ಕೊಳೆ ಮೊದಲೇ ತೆಗೆದಿದ್ದರೆ ಯಾವುದಾದರೂ ನಡೆಯುತ್ತದೆ.

ಯುವಿ ಬಗ್ಗೆ ಒಂದು ಮಾತು. ಅದು ನೀರಲ್ಲಿ ತೇಲುವ ಹಸಿರನ್ನು ಮಾತ್ರ ಕೊಲ್ಲುತ್ತದೆ. ಅಮೋನಿಯ ಕಡಿಮೆ ಮಾಡುವುದಿಲ್ಲ, ಗೋಡೆಗೆ ಅಂಟಿದ ಪಾಚಿಗೂ ಏನೂ ಆಗುವುದಿಲ್ಲ. ಸೆಟ್ಲರ್ ಆದ ಮೇಲಿನ ನೀರಿಗೆ ಹಾಕಿ.

ಕೆಎಚ್ (ಪಿಎಚ್ ಬೀಳದಂತೆ ಹಿಡಿದಿಡುವ ಕ್ಷಾರದ ಅಳತೆ) ಕೂಡ ನೋಡುತ್ತಿರಿ. ಆ 3 ಗ್ರಾಂ ಅಮೋನಿಯ ಅರಗಿಸಲು ಬ್ಯಾಕ್ಟೀರಿಯಾ ದಿನಕ್ಕೆ 20 ಗ್ರಾಂಗಿಂತ ಜಾಸ್ತಿ ಕ್ಷಾರ ತಿನ್ನುತ್ತವೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ನೀರು ಬದಲಾಯಿಸದಿದ್ದರೆ ಒಂದು ದಿನ ಪಿಎಚ್ ದಡಕ್ಕನೆ ಬೀಳುತ್ತದೆ. ಫಿಲ್ಟರ್ ಚೆನ್ನಾಗಿರುವ ಕೊಳದಲ್ಲೂ ಹೀಗಾಗುತ್ತದೆ.

ಹೊಸಕೊಳ: ತಳ ಒಡೆಯುವುದು ಅಂತಲೇ ತೀರ್ಮಾನ ಮಾಡಿದೆವು. ಅದರ ಹಿಂದೆ ಒಂದು ಮೀಟರ್ ಸೆಟ್ಲರ್, ಆಮೇಲೆ ಕೆ1, ಕೊನೆಗೆ ಪಂಪ್ ಮತ್ತು ಯುವಿ. ಕೆಲಸ ನಡೆಯುವಾಗ ಮೀನು ಎಲ್ಲಿಡಲಿ?

ಪೈಪುಪ್ರಿಯ: ಭೇಷ್! ದೊಡ್ಡ ಟ್ಯಾಂಕ್ ನೋಡಿ, 2,000 ಲೀಟರಿಗೆ ಕಡಿಮೆ ಬೇಡ. ಕೊಳದ ನೀರನ್ನೇ ತುಂಬಿ. ಮೇಲೆ ಬಲೆ ಕಟ್ಟಿ, ಹೊಸ ಜಾಗದಲ್ಲಿ ಕೋಯಿ ಹಾರುತ್ತವೆ. ಹೊಸ ಸಿಮೆಂಟ್ ಕೆಲಸದ ಮೇಲೆ ಪಿಎಚ್ ಏರುತ್ತದೆ, ಅದಕ್ಕೆ ತೇಪೆ ಹಾಕಿದ ಜಾಗಕ್ಕೆ ಮೀನಿಗೆ ತೊಂದರೆಯಾಗದ ಕೋಟಿಂಗ್ ಕೊಟ್ಟು, ಪಿಎಚ್ ನಿಂತ ಮೇಲೆ ಮೀನು ಬಿಡಿ.

ಜಲಚರಿ: ಹಳೆ ಸ್ಪಾಂಜ್ ಎಸೆಯಬೇಡಿ. ಅದೇ ಪೆಟ್ಟಿಗೆಯನ್ನು ಆ ಟ್ಯಾಂಕಿಗೆ ಜೋಡಿಸಿ ಓಡಿಸುತ್ತಿರಿ, ಏರ್ ಸ್ಟೋನ್ (ಗಾಳಿ ಗುಳ್ಳೆ ಬಿಡುವ ಕಲ್ಲು) ಒಂದೆರಡು ಹಾಕಿ. ಹೊಸ ಕೆ1 ಅನ್ನೂ ಇವತ್ತೇ ಜಾಲರಿ ಚೀಲದಲ್ಲಿ ಹಾಕಿ ಅದರೊಳಗೆ ಇಡಿ. ಕೊಳ ತಯಾರಾಗುವ ಹೊತ್ತಿಗೆ ಸ್ವಲ್ಪ ಬ್ಯಾಕ್ಟೀರಿಯಾ ಹಿಡಿದಿರುತ್ತದೆ. ಮೀನು ಟ್ಯಾಂಕಿನಲ್ಲಿರುವಷ್ಟು ದಿನ ಆಹಾರ ಬಹುತೇಕ ನಿಲ್ಲಿಸಿ, ಅಮೋನಿಯ ದಿನಾ ನೋಡಿ.

ಡ್ರಮ್ಮಣ್ಣ: ಸೆಟ್ಲರ್ ಪಕ್ಕ ಡ್ರಮ್ಮಿಗೆ ಜಾಗ ಬಿಟ್ಟಿರಿ. ಆರು ತಿಂಗಳು ವಾಲ್ವ್ ತಿರುಗಿಸಿ ನೋಡಿ, ಆಮೇಲೆ ಮಾತಾಡೋಣ.