ಅಪ್‌ಡೇಟ್: ಮಳೆ ಲೆಕ್ಕದ ಹನ್ನೆರಡು ಫೈಲೂ ಒಂದಾದವು

ತೀರ್ಥಹಳ್ಳಿ ತೋಟದಲ್ಲಿ ಅಪ್ಪಯ್ಯ ಬರೆದಿಟ್ಟ ಕಳೆದ ವರ್ಷದ ಮಳೆ ಲೆಕ್ಕ, ತಿಂಗಳಿಗೊಂದು ಟೆಕ್ಸ್ಟ್ ಫೈಲ್. ಫೈಲುಗಳನ್ನು ಒಂದರ ಹಿಂದೆ ಒಂದು ಜೋಡಿಸುವ ಕ್ಯಾಟ್ (cat) ಕಮಾಂಡ್‌ನಲ್ಲಿ ಸೇರಿಸಿದರೆ ತಿಂಗಳುಗಳ ಕ್ರಮ ತಪ್ಪುತ್ತದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಸರಿಹೋಯ್ತು. ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ನಡೆಸುವ ಪ್ರೋಗ್ರಾಂ) ಫೈಲ್ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ 1 ಆದಮೇಲೆ 10, 11, 12 ಬಂದು ಆಮೇಲೆ 2 ಬರುತ್ತಿತ್ತು. ನೀವು ಹೇಳಿದಂತೆ 01, 02 ಅಂತ ಹೆಸರು ಬದಲಿಸಿದೆ.

ಆದರೆ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ಜುಲೈ 31ರ ಸಾಲಿನ ಬಾಲಕ್ಕೆ ಆಗಸ್ಟ್ 1 ಅಂಟಿಕೊಂಡು, 112 ಮಿ.ಮೀ. ಮಳೆ 1121 ಆಗಿತ್ತು! ಜುಲೈ ಫೈಲಿನ ಕೊನೆಯಲ್ಲಿ ನಾನು ಎಂಟರ್ ಒತ್ತಿರಲಿಲ್ಲ. ಕ್ಯಾಟ್ ಬದಲು ಫೈಲನ್ನು ಸಾಲು ಸಾಲಾಗಿ ಓದಿ ಬರೆಯುವ ‘ಆಕ್ 1’ (awk 1) ಕಮಾಂಡ್ ಬಳಸಿದೆ. ಅದು ಪ್ರತಿ ಸಾಲಿನ ಕೊನೆಗೂ ತಾನೇ ಹೊಸಸಾಲು ಹಾಕುತ್ತದೆ. ಈಗ ಸರಿಯಾಗಿ 365 ಸಾಲು. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಪ್ರಿಂಟ್ ತೆಗೆದು ಅಪ್ಪಯ್ಯನ ಕೈಗಿಟ್ಟೆ, ಮೊದಲು ಜುಲೈ ಪುಟವನ್ನೇ ತೆರೆದರು.